ಐಸು ತುಂಬಿದ ನೆಲದ ಮೇಲೆ ಪಾಯ ಹಾಕಬಹುದಾ?

ಓದುಗರ ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಸಿವಿಲ್ ಡಿಪ್ಲೊಮಾ ಮುಗಿಸಿ ಈಗ ಲಡಾಖ್‌ನಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೈಟ್ ಸೂಪರ್‌ವೈಸರ್ ಆಗಿದ್ದೇನೆ. ಸೈಟು ಸುಮಾರು 4,900 ಮೀಟರ್ ಎತ್ತರದಲ್ಲಿದೆ. ಒಂದು ಗೋದಾಮು, ಪಕ್ಕದಲ್ಲಿ ಕೆಲಸಗಾರರು ಉಳಿಯೋಕೆ ಒಂದು ವಸತಿ ಕಟ್ಟಡ ಕಟ್ಟಬೇಕು. ಜೂನ್ ಕೊನೆಯಲ್ಲಿ ಪಾಯ ತೆಗೆಯುವಾಗ ಐದಡಿ ಕೆಳಗೆ ಪಿಕಾಸಿ ಇಳಿಯಲೇ ಇಲ್ಲ. ಬಂಡೆ ಅಂದುಕೊಂಡೆವು. ಒಡೆದು ನೋಡಿದರೆ ಮಣ್ಣಿನ ನಡುವೆ ಬಿಳಿ ಬಿಳಿ ಐಸಿನ ಪದರ. ಮೇಸ್ತ್ರಿ 'ಇದು ಕಾಂಕ್ರೀಟಿಗಿಂತ ಗಟ್ಟಿ, ಇದರ ಮೇಲೇ ಫೂಟಿಂಗ್ ಹಾಕೋಣ' ಅಂತಾನೆ. ಇನ್ನೊಬ್ಬರು 'ಬೆಂಕಿ ಹಾಕಿ ಕರಗಿಸಿ, ನೀರು ಎತ್ತಿ ಹಾಕಿ, ಕಲ್ಲು ತುಂಬಿ' ಅಂತಾರೆ. ನೆಟ್‌ನಲ್ಲಿ ನೋಡಿದರೆ ಪರ್ಮಾಫ್ರಾಸ್ಟ್ (ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲ) ಕರಗಿ ರಷ್ಯಾದಲ್ಲಿ ಕಟ್ಟಡಗಳು ಬೀಳುತ್ತಿವೆ, ನೆಲ ಸಿಡಿದು ಗುಂಡಿ ಬೀಳುತ್ತಿದೆ ಅಂತ ವಿಡಿಯೊಗಳು. ಅದನ್ನು ಅಮ್ಮನೂ ನೋಡಿದ್ದಾರೆ. 'ಐಸಿನೊಳಗೆ ಸಾವಿರಾರು ವರ್ಷದ ವೈರಸ್ ಇರುತ್ತಂತೆ, ಅಗೆಯಬೇಡ, ವಾಪಸ್ ಬಾ' ಅಂತ ದಿನಾ ಫೋನ್ ಮಾಡ್ತಾರೆ. ಏನು ಮಾಡಲಿ?

ಉತ್ತರ: ಅಮ್ಮನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಆ ಗುಂಡಿಯ ವಿಚಾರ. ಅದು ಬಾಯಿ ತೆರೆದುಕೊಂಡು ಬಿಸಿಲಿಗೆ ಬಿದ್ದಿರುವಷ್ಟು ದಿನವೂ ನಿಮ್ಮ ಕಷ್ಟ ಜಾಸ್ತಿ ಆಗುತ್ತಲೇ ಇರುತ್ತದೆ. ಕೆಳಗೆ ಹೇಳುವ ಒಂದು ಸಣ್ಣ ಪರೀಕ್ಷೆಗೆ ಬೇಕಾದ ಹೆಂಟೆ ತೆಗೆದುಕೊಂಡು, ಗುಂಡಿಯನ್ನು ಅದೇ ಮಣ್ಣಿನಿಂದ ಮುಚ್ಚಿಸಿಬಿಡಿ. ಕೂಡಲೇ ಮುಚ್ಚೋಕೆ ಆಗದಿದ್ದರೆ ಬಿಸಿಲು ತಾಗದ ಹಾಗೆ ದಪ್ಪಗೆ ಹೊದಿಸಿ. ಹಿಮ ಕರಗಿದ ನೀರು ಒಳಗೆ ಹರಿಯದ ಹಾಗೆ ಸುತ್ತ ಒಡ್ಡು ಹಾಕಿಸಿ. ಆ ಹೆಂಟೆ ತೆಗೆದ ಮೇಲೆ ಯಾರನ್ನೂ ಒಳಗೆ ಇಳಿಸಬೇಡಿ. ಹೆಪ್ಪುಗಟ್ಟಿದ ಮಣ್ಣಿನ ಗೋಡೆ ಬೆಳಿಗ್ಗೆ ನೆಟ್ಟಗೆ ನಿಂತಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹೊರಮೈ ಕರಗಿ, ಮುನ್ಸೂಚನೆಯೇ ಇಲ್ಲದೆ ಕಳಚಿ ಬೀಳುತ್ತದೆ.

ಈಗ ಮೇಸ್ತ್ರಿಯ ಮಾತು. ಅವನು ಸುಳ್ಳು ಹೇಳುತ್ತಿಲ್ಲ. ಚೆನ್ನಾಗಿ ಹೆಪ್ಪುಗಟ್ಟಿದ ಮಣ್ಣು ನಿಜಕ್ಕೂ ಗಟ್ಟಿ. ಆದರೆ ನೀವು ದಾವಣಗೆರೆಯವರು, ಎರೆಮಣ್ಣು ನೋಡಿ ಬೆಳೆದವರು. ಏಪ್ರಿಲ್‌ನಲ್ಲಿ ಎರೆಹೊಲದಲ್ಲಿ ಹಾರೆ ಹಾಕಿದರೆ ಠಣ್ ಅನ್ನುತ್ತದೆ ಅಲ್ವಾ? ಅದನ್ನು ನಂಬಿಕೊಂಡು ಮೇಲುಮೇಲೆ ಪಾಯ ಹಾಕಿದವರ ಮನೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬಿಟ್ಟಿರುತ್ತದೆ. ಊರಿನ ಅಂಚಿನಲ್ಲಿ, ಭದ್ರಾ ನಾಲೆ ನೀರಿನ ಗದ್ದೆಗಳನ್ನು ಲೇಔಟ್ ಮಾಡಿದ ಕಡೆ ಇಂಥ ಗೋಡೆಗಳನ್ನು ನೋಡುವುದೇ ನನ್ನ ದಿನದ ಕೆಲಸ. ಅಲ್ಲಿ ಮಣ್ಣಿನ ಗುಣ ಕೆಡಿಸುವುದು ನೀರು. ನಿಮ್ಮಲ್ಲಿ ಶಾಖ. ಆ ಶಾಖ ಬಹುಪಾಲು ಬರುವುದು ನೀವು ಕಟ್ಟುವ ಕಟ್ಟಡದಿಂದಲೇ.

ಲೆಕ್ಕ ನೋಡಿ. ವಸತಿ ಕಟ್ಟಡದಲ್ಲಿ ಜನ ಮಲಗುತ್ತಾರೆ, ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಯುತ್ತದೆ, ಒಳಗೆ 18 ಡಿಗ್ರಿ ಅಂತಿಟ್ಟುಕೊಳ್ಳಿ. ಕೆಳಗಿನ ಹೆಪ್ಪು ನೆಲ ಸೊನ್ನೆಗಿಂತ ಒಂದೋ ಎರಡೋ ಡಿಗ್ರಿ ಕಡಿಮೆ ಇರಬಹುದು, ಅಷ್ಟೇ. ನೆಲಹಾಸು ಮಣ್ಣಿಗೆ ಅಂಟಿಕೊಂಡಿದ್ದರೆ ಹಗಲೂ ರಾತ್ರಿ ಶಾಖ ಕೆಳಗಿಳಿಯುತ್ತದೆ. ಕಟ್ಟಡದ ಅಡಿಯಲ್ಲಿ ಬೋಗುಣಿ ಆಕಾರದಲ್ಲಿ ನೆಲ ಕರಗುತ್ತಾ ಹೋಗುತ್ತದೆ. ನಡುವೆ ಜಾಸ್ತಿ, ಅಂಚಿನಲ್ಲಿ ಕಡಿಮೆ. ಬಿಸಿಲು ಬೀಳುವ ದಕ್ಷಿಣದ ಗೋಡೆಯ ಕಡೆ ಇನ್ನೂ ಬೇಗ. ಎಲ್ಲ ಕಡೆ ಒಂದೇ ಸಮ ಕುಸಿದರೆ ಕಟ್ಟಡ ತಡೆದುಕೊಂಡೀತು. ಒಂದು ಮೂಲೆ ಮಾತ್ರ ಇಳಿದರೆ ಗೋಡೆ ತಡೆಯುವುದಿಲ್ಲ. ಇದರ ಮೇಲೆ ಅಡುಗೆಮನೆ, ಬಚ್ಚಲಿನ ಬಿಸಿನೀರು. ಪೈಪು ಸೋರಿದರೆ ಬುಖಾರಿ ಒಂದು ಚಳಿಗಾಲದಲ್ಲಿ ಮಾಡುವ ಹಾನಿಯನ್ನು ಆ ನೀರು ಕೆಲವೇ ವಾರದಲ್ಲಿ ಮಾಡಿ ಮುಗಿಸುತ್ತದೆ.

ಕಾಂಕ್ರೀಟಿನದ್ದೂ ಒಂದು ಕಥೆ ಇದೆ. ಸಿಮೆಂಟ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಐಸಿನ ಮೇಲೆ ನೇರ ಹಾಕಿದರೆ ಅಡಿಯ ಐಸು ಕರಗಿ, ಫೂಟಿಂಗ್ ಕೆಸರಿನ ಮೇಲೆ ಕೂರುತ್ತದೆ. ಚಳಿ ಜಾಸ್ತಿ ಇದ್ದರೆ ತಿರುಗುಮುರುಗು: ಸಿಮೆಂಟಿಗೆ ಬಲ ಬರುವ ಮೊದಲೇ ಒಳಗಿನ ನೀರು ಹೆಪ್ಪುಗಟ್ಟಿ, ಕಾಂಕ್ರೀಟ್ ಒಳಗೊಳಗೇ ಬಿರಿಯುತ್ತದೆ. ಆಮೇಲೆ ಎಷ್ಟು ಕ್ಯೂರಿಂಗ್ ಮಾಡಿದರೂ ಅದು ಸರಿಹೋಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಅನುಮಾನವನ್ನೂ ಮುಂದಿಡಬೇಕು. ನಿಮಗೆ ಸಿಕ್ಕಿದ್ದು ಪರ್ಮಾಫ್ರಾಸ್ಟೇ ಹೌದಾ? ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಒಂದೇ ಸಮನೆ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಉಳಿದ ನೆಲಕ್ಕೆ ಮಾತ್ರ ಆ ಹೆಸರು. ಐಸು ಇರಲೇಬೇಕು ಅಂತಲೂ ಇಲ್ಲ, ಒಣ ಬಂಡೆಯೂ ಪರ್ಮಾಫ್ರಾಸ್ಟ್ ಆಗಬಹುದು. ಅದರ ಮೇಲೆ ಪ್ರತಿ ಬೇಸಿಗೆ ಕರಗಿ, ಪ್ರತಿ ಚಳಿಗಾಲ ಹೆಪ್ಪುಗಟ್ಟುವ ಒಂದು ಪದರ ಇರುತ್ತದೆ. ಅದಕ್ಕೆ ಆಕ್ಟಿವ್ ಲೇಯರ್ ಅಂತೀವಿ. ನಿಮ್ಮ ಎತ್ತರದಲ್ಲಿ ಬರೀ ಚಳಿಗಾಲದ ಹೆಪ್ಪೇ ಮೀಟರಿಗಿಂತ ಆಳ ಇಳಿದು, ಬೇಸಿಗೆ ಅರ್ಧ ಕಳೆದರೂ ಪೂರ್ತಿ ಕರಗದೆ ಉಳಿದಿರಬಹುದು. ಜೂನ್‌ನಲ್ಲಿ ಐದಡಿ ಕೆಳಗೆ ಸಿಕ್ಕ ಐಸು ಅದೂ ಆಗಿರಬಹುದು, ಇದೂ ಆಗಿರಬಹುದು. ಲಡಾಖ್‌ನಲ್ಲಿ ಪರ್ಮಾಫ್ರಾಸ್ಟ್ ಹೆಚ್ಚೂಕಮ್ಮಿ ಐದು ಸಾವಿರ ಮೀಟರಿನ ಮೇಲೆ ಸಾಮಾನ್ಯ. ಅದಕ್ಕಿಂತ ಕೆಳಗೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ಬಿಸಿಲು ಕಾಣದ ಕೊರಕಲು, ಒದ್ದೆ ಜಾಗಗಳಲ್ಲಿ ತುಣುಕು ತುಣುಕಾಗಿ ಸಿಗುತ್ತದೆ. ನಿಮ್ಮದು ಸರಿಯಾಗಿ ಗಡಿಯಲ್ಲಿದೆ. ನೂರು ಮೀಟರ್ ಆಚೆ ಅಗೆದರೆ ಉತ್ತರವೇ ಬೇರೆ ಬಂದೀತು.

ಇದನ್ನು ತಿಳಿಯುವ ಸುಲಭದ ದಾರಿ ಕಾಯುವುದು. ನೆಲ ಅತಿ ಆಳಕ್ಕೆ ಕರಗಿರುವುದು ಬೇಸಿಗೆಯ ಕೊನೆಗೆ. ಅಲ್ಲಿ ಅದು ಸುಮಾರು ಸೆಪ್ಟೆಂಬರ್ ಕೊನೆ. ಆಗ ಪಕ್ಕದಲ್ಲೇ ಇನ್ನೊಂದು ಗುಂಡಿ ತೆಗೆಯಿರಿ. ಐಸು ಇಲ್ಲದಿದ್ದರೆ ನಿಮಗೆ ಸಿಕ್ಕಿದ್ದು ಚಳಿಗಾಲದ ಹೆಪ್ಪು. ಆಗಲೂ ಇದ್ದರೆ ಪರ್ಮಾಫ್ರಾಸ್ಟ್ ಅಂತಲೇ ಹಿಡಿದುಕೊಂಡು ಮುಂದುವರಿಯಿರಿ. ಒಂದು ಕೊಳವೆ ಇಳಿಸಿ, ಅರ್ಧ ಮೀಟರ್, ಒಂದು, ಎರಡು, ಮೂರು, ಐದು ಮೀಟರ್ ಆಳದಲ್ಲಿ ಉಷ್ಣಾಂಶದ ಸೆನ್ಸರ್ ಬಿಟ್ಟು ವರ್ಷವಿಡೀ ದಾಖಲೆ ಮಾಡಿಸಿದರೆ ಇನ್ನೂ ಒಳ್ಳೆಯದು. ನೆಲ ಮೈನಸ್ ಅರ್ಧ ಡಿಗ್ರಿಯಲ್ಲಿದೆಯಾ, ಮೈನಸ್ ನಾಲ್ಕರಲ್ಲಿದೆಯಾ ಅನ್ನುವುದರ ಮೇಲೆ ಇಡೀ ವಿನ್ಯಾಸ ನಿಂತಿದೆ. ಸೊನ್ನೆಗೆ ಹತ್ತಿರದ ಹೆಪ್ಪು ಮಣ್ಣು ಕರಗದೇ ಇದ್ದರೂ, ಭಾರ ಬಿದ್ದಾಗ ವರ್ಷದಿಂದ ವರ್ಷಕ್ಕೆ ನಿಧಾನಕ್ಕೆ ಅಮುಕಿಕೊಳ್ಳುತ್ತದೆ. ಮಣ್ಣು ಉಪ್ಪುಪ್ಪಾಗಿದ್ದರೆ ಇನ್ನೂ ಜಾಸ್ತಿ. ಪೂರ್ವ ಲಡಾಖ್‌ನಲ್ಲಿ ಉಪ್ಪಿನ ಸರೋವರಗಳಿರುವುದು ನಿಮಗೆ ಗೊತ್ತೇ ಇದೆ. ನೆಲದ ಮೇಲೆ ಬಿಳಿ ಪುಡಿ ಕಂಡರೆ ಅದನ್ನೂ ಬರೆದಿಟ್ಟುಕೊಳ್ಳಿ.

ಇನ್ನು ಹೆಂಟೆಯ ಪರೀಕ್ಷೆ. ಕಟ್ಟಡದ ಹಣೆಬರಹ ಹೇಳುವುದು ಐಸು ಇದೆಯಾ ಅನ್ನುವುದಕ್ಕಿಂತ ಎಷ್ಟಿದೆ ಅನ್ನುವ ಲೆಕ್ಕ. ಗುಂಡಿಯ ತಳದಿಂದ ಬೇರೆ ಬೇರೆ ಕಡೆ, ಬಿಸಿಲು ತಾಗದ ಮಣ್ಣಿನಲ್ಲಿ ಮೂರ್ನಾಲ್ಕು ಹೆಂಟೆ ಒಡೆದು ತೆಗೆಯಿರಿ. ಬಿಳಿ ಪದರ ಇರುವುದನ್ನಷ್ಟೇ ಆರಿಸಬೇಡಿ, ಇಲ್ಲದ್ದನ್ನೂ ತೆಗೆದುಕೊಳ್ಳಿ. ಮೇಲಿಂದ ಕೆಳಗೆ ಒಂದೇ ಅಗಲ ಇರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಬೆಚ್ಚಗಿನ ಕೋಣೆಯಲ್ಲಿ ಕರಗಲು ಬಿಡಿ. ಮೊದಲು ಅಂಚು ಬೆವರುತ್ತದೆ. ಆಮೇಲೆ ಪದರಗಳು ಒಂದೊಂದಾಗಿ ಬಿಟ್ಟುಕೊಂಡು, ಹೆಂಟೆ ಒಂದು ಮಗ್ಗುಲಿಗೆ ವಾಲಿ ಕೆಸರಾಗಿ ಕುಸಿಯುತ್ತದೆ. ಚೆನ್ನಾಗಿ ಕಲಕಿ ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ತಳದಲ್ಲಿ ಮಣ್ಣು, ಮೇಲೆ ತಿಳಿನೀರು. ಸ್ಕೇಲ್ ಇಟ್ಟು ಎರಡನ್ನೂ ಅಳೆಯಿರಿ. ಒಟ್ಟು 10 ಸೆಂಟಿಮೀಟರಿನಲ್ಲಿ 3 ಸೆಂಟಿಮೀಟರ್ ತಿಳಿನೀರು ನಿಂತಿದ್ದರೆ, ಆ ನೆಲ ಒಂದು ಮೀಟರ್ ಕರಗಿದರೆ ಸುಮಾರು 30 ಸೆಂಟಿಮೀಟರ್ ಕುಸಿಯುತ್ತದೆ ಅಂತ ಅರ್ಥ. ನೀರೇ ನಿಲ್ಲದೆ ಒದ್ದೆ ಜಲ್ಲಿಯಷ್ಟೇ ಉಳಿದರೆ ಸಂತೋಷಪಡಿ. ಅಂಥ ನೆಲ ಕರಗಿದರೂ ಹೆಚ್ಚು ಇಳಿಯುವುದಿಲ್ಲ.

ನೀವು ನೋಡಿದ ಬಿಳಿ ಪದರದ ವಿಚಾರ ನನಗೆ ಅಷ್ಟು ಒಳ್ಳೆಯದಾಗಿ ಕಾಣುತ್ತಿಲ್ಲ. ನೀರು ಐಸಾಗುವಾಗ ಸುಮಾರು ಶೇ 9ರಷ್ಟು ಉಬ್ಬುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಬರೀ ಅಷ್ಟರಿಂದಲೇ ಪದರ ಆಗುವುದಿಲ್ಲ. ಹೂಳಿನಂಥ ನುಣುಪು ಮಣ್ಣಿನಲ್ಲಿ, ಹೆಪ್ಪುಗಟ್ಟುತ್ತಿರುವ ಜಾಗ ಕೆಳಗಿನ ಒದ್ದೆ ಮಣ್ಣಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎಳೆದ ನೀರೆಲ್ಲ ಪದರ ಪದರವಾಗಿ ಐಸಾಗಿ, ಮೇಲಿನ ಮಣ್ಣನ್ನು ಎತ್ತಿಬಿಡುತ್ತದೆ. ಕಂಬ, ಬೇಲಿ, ರಸ್ತೆಯ ಡಾಂಬರು ಎಲ್ಲ ಚಳಿಗಾಲದಲ್ಲಿ ಮೇಲೇಳುವುದು ಇದರಿಂದಲೇ. ದಪ್ಪ ಜಲ್ಲಿಗೆ ಹೀಗೆ ನೀರೆಳೆಯುವ ಶಕ್ತಿ ಇಲ್ಲ. ಜೇಡಿಮಣ್ಣು ಎಳೆಯುತ್ತದೆ, ಆದರೆ ಅದರಲ್ಲಿ ನೀರಿನ ಓಟ ನಿಧಾನ. ಮಧ್ಯದ ಹೂಳುಮಣ್ಣೇ ಎಲ್ಲಕ್ಕಿಂತ ತರಲೆ. ಪದರ ಕಂಡಿದೆ ಅಂದರೆ ನಿಮ್ಮ ಕೆಳಗಿರುವುದು ಬಹುಶಃ ಅದೇ.

ಬೆಂಕಿ ಹಾಕಿ ಅಂದವರ ಬುದ್ಧಿ ಹಳೆಯದು, ಅದಕ್ಕೊಂದು ಚರಿತ್ರೆಯೂ ಇದೆ. 1890ರ ದಶಕದ ಕೊನೆಯಲ್ಲಿ ಕೆನಡಾದ ಕ್ಲೋಂಡೈಕ್‌ಗೆ ಚಿನ್ನ ಹುಡುಕಿ ಹೋದವರು ರಾತ್ರಿ ಕಟ್ಟಿಗೆ ಉರಿಸಿ, ಬೆಳಿಗ್ಗೆ ಕರಗಿದಷ್ಟು ಮಣ್ಣು ಎತ್ತಿ, ಮತ್ತೆ ಉರಿಸಿ ಇಳಿಯುತ್ತಿದ್ದರು. ಅವರಿಗೆ ಬೇಕಿದ್ದದ್ದು ಕೆಳಗಿನ ಚಿನ್ನ. ಮೇಲೆ ಏನಾದರೆ ಅವರಿಗೇನು? ನಿಮಗೆ ಹಾಗಲ್ಲ. ಐಸಿನ ಪದರ ಒಂದು ಮೀಟರಿನಷ್ಟೇ ಇದ್ದು, ಅದರ ಕೆಳಗೆ ಬಂಡೆಯೋ ಒಣ ಜಲ್ಲಿಯೋ ಇದ್ದರೆ, ಅಷ್ಟನ್ನೂ ತೆಗೆದು ಜಲ್ಲಿ ತುಂಬುವುದು ಒಳ್ಳೆಯ ದಾರಿಯೇ. ಕೆಳಗೆ ಎಷ್ಟಿದೆ ಅಂತ ಗೊತ್ತಿಲ್ಲದೆ ಬೆಂಕಿ ಹಾಕಿದರೆ ಗುಂಡಿ ಹೊಂಡವಾಗುತ್ತದೆ. ನಿಂತ ನೀರು ಬಿಸಿಲು ಹೀರಿಕೊಂಡು ಸುತ್ತಲಿನ ಐಸನ್ನು ಕರಗಿಸುತ್ತಾ ಹೋಗುತ್ತದೆ. ನೀವು ಬೆಂಕಿ ಆರಿಸಿದರೂ ಆ ಕೆಲಸ ನಿಲ್ಲುವುದಿಲ್ಲ.

ಎಷ್ಟು ಆಳ ಇರಬಹುದು ಅನ್ನುವುದಕ್ಕೆ ಯಾಕುತ್ಸ್ಕ್ ಊರಿನ ಒಂದು ಬಾವಿಯ ಕಥೆ ಕೇಳಿ. ಪೂರ್ವ ಸೈಬೀರಿಯಾದ ಈ ಊರಲ್ಲಿ ಶೆರ್ಗಿನ್ ಅನ್ನುವ ವರ್ತಕ ನೀರಿಗಾಗಿ 1828ರಲ್ಲಿ ಬಾವಿ ತೋಡಿಸಲು ಶುರು ಮಾಡಿದ. 1837ರವರೆಗೆ ತೋಡಿಸಿದ. 116 ಮೀಟರ್ ಇಳಿದರೂ ಹೆಪ್ಪು ಮುಗಿಯಲಿಲ್ಲ, ನೀರೂ ಸಿಗಲಿಲ್ಲ. ಆಮೇಲೆ 1840ರ ದಶಕದಲ್ಲಿ ಮಿಡೆಂಡೋರ್ಫ್ ಅನ್ನುವ ವಿಜ್ಞಾನಿ ಅದೇ ಬಾವಿಯಲ್ಲಿ ಥರ್ಮಾಮೀಟರ್ ಇಟ್ಟು ಆಳ ಆಳದ ಉಷ್ಣಾಂಶ ಅಳೆದ. ದಂಡವಾದ ಬಾವಿ ವಿಜ್ಞಾನಕ್ಕೆ ಬಂತು. ಉತ್ತರ ಸೈಬೀರಿಯಾದ ಕೆಲವು ಕಡೆ ಈ ಹೆಪ್ಪು ಸುಮಾರು ಒಂದೂವರೆ ಕಿಲೋಮೀಟರ್ ಆಳಕ್ಕಿದೆ. ಲಡಾಖ್‌ನದ್ದನ್ನು ಅದಕ್ಕೆ ಹೋಲಿಸುವಂತಿಲ್ಲ, ಆದರೆ ಪಿಕಾಸಿಯಿಂದ ಮುಗಿಸುತ್ತೇನೆ ಅಂತ ಹೊರಡುವುದು ಬೇಡ.

ಆ ಯಾಕುತ್ಸ್ಕ್‌ನಲ್ಲಿ ಈಗ ಮೂರು ಲಕ್ಷಕ್ಕೂ ಹೆಚ್ಚು ಜನ ಬದುಕುತ್ತಿದ್ದಾರೆ. ಬಹುಮಹಡಿ ಕಟ್ಟಡಗಳಿವೆ. ಅವು ಹೆಪ್ಪು ನೆಲದೊಳಗೆ ಆಳಕ್ಕೆ ಇಳಿಸಿದ ಕಂಬಗಳ, ಅಂದರೆ ಪೈಲ್‌ಗಳ ಮೇಲೆ ನಿಂತಿವೆ. ನೆಲಕ್ಕೂ ಕಟ್ಟಡಕ್ಕೂ ನಡುವೆ ಗಾಳಿ ಓಡಾಡುವ ಖಾಲಿ ಜಾಗ ಬಿಟ್ಟಿದ್ದಾರೆ. ಮನೆಯ ಶಾಖ ಆ ಗಾಳಿಗೆ ಹೋಗುತ್ತದೆ. ಚಳಿಗಾಲದಲ್ಲಿ ಅದೇ ಗಾಳಿ ನೆಲವನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಹಾಗಾಗಿ 'ಪರ್ಮಾಫ್ರಾಸ್ಟ್ ಮೇಲೆ ಕಟ್ಟಲೇಬಾರದು' ಅನ್ನುವುದು ತಪ್ಪು. ಅದನ್ನು ಹೆಪ್ಪಾಗಿಯೇ ಉಳಿಸಿಕೊಂಡು ಕಟ್ಟಬೇಕು, ಇಲ್ಲವೇ ಕರಗಿದರೂ ತೊಂದರೆ ಆಗದ ಜಾಗ ಹುಡುಕಬೇಕು. ನಡುವಿನ ದಾರಿ ಹಿಡಿದವರೇ ಕೆಡುವುದು.

ನಿಮ್ಮ ಎರಡು ಕಟ್ಟಡಗಳಿಗೆ ಎರಡು ಬೇರೆ ಉತ್ತರ. ಗೋದಾಮು ಸುಲಭ. ಅದನ್ನು ಬಿಸಿ ಮಾಡುವುದಿಲ್ಲ ತಾನೆ? ಹಾಗಿದ್ದರೆ ನೆಲ ಕೆದಕದೆ, ಮೇಲೆಯೇ ಒಂದು ಮೀಟರಿನಷ್ಟು ಒಣ ಜಲ್ಲಿ ಹಾಸಿ, ಚೆನ್ನಾಗಿ ಕೂರಿಸಿ, ಅದರ ಮೇಲೆ ಉಕ್ಕಿನ ಚೌಕಟ್ಟಿನ ಹಗುರ ಶೆಡ್ ನಿಲ್ಲಿಸಿ. ಕಾಲುಗಳ ಬುಡದಲ್ಲಿ ಏರಿಸಿ ಇಳಿಸಲು ಬರುವ ಸ್ಕ್ರೂ ಜಾಕ್ ಇರಲಿ. ಒಂದೆರಡು ಬೇಸಿಗೆ ಲೆವೆಲ್ ನೋಡಿ ಸರಿಪಡಿಸಬೇಕಾದೀತು. ಅದು ದೊಡ್ಡ ಮಾತಲ್ಲ. ಗೋದಾಮನ್ನು ಆಮೇಲೆ ಯಾರೋ ಮಲಗುವ ಕೋಣೆ ಮಾಡಿ ಬುಖಾರಿ ಇಟ್ಟರೆ ಮಾತ್ರ ಲೆಕ್ಕ ಉಲ್ಟಾ ಆಗುತ್ತದೆ.

ವಸತಿ ಕಟ್ಟಡಕ್ಕೆ ನನ್ನ ಮೊದಲ ಸಲಹೆ: ಜಾಗ ಬದಲಿಸಲು ಆಗುತ್ತದಾ ನೋಡಿ. ಚಿತ್ರದುರ್ಗದ ಕಡೆ ಬಂಡೆ ಕಂಡಲ್ಲೇ ಪಾಯ ಕೂರಿಸಿ ನಿಶ್ಚಿಂತೆಯಿಂದ ಇರುತ್ತಾರಲ್ಲ, ನಿಮಗೂ ಹತ್ತಿರದಲ್ಲಿ ಗಟ್ಟಿ ಬಂಡೆಯೋ, ನೀರು ಬಸಿದುಹೋಗುವ ದಪ್ಪ ಜಲ್ಲಿ ನೆಲವೋ ಇದ್ದರೆ ಇನ್ನೂರು ಮೀಟರ್ ಆಚೆ ಹೋದರೂ ಲಾಭವೇ. ಕಂಟ್ರಾಕ್ಟರುಗಳಿಗೆ ಇದು ಹಿಡಿಸುವುದಿಲ್ಲ. ನಕ್ಷೆ ಮತ್ತೆ ಪಾಸಾಗಬೇಕು, ರಸ್ತೆ ಉದ್ದವಾಗುತ್ತದೆ ಅಂತ ಗೊಣಗುತ್ತಾರೆ. ನನ್ನ ಅನುಭವದಲ್ಲಿ ಕೆಟ್ಟ ನೆಲ ಬಿಟ್ಟುಹೋಗಿದ್ದಕ್ಕೆ ಪಶ್ಚಾತ್ತಾಪ ಪಟ್ಟವರನ್ನು ನಾನು ಕಂಡಿಲ್ಲ, ಎರೆಮಣ್ಣಲ್ಲೂ ಅಷ್ಟೇ. ಜಾಗ ಹುಡುಕುವಾಗ ಮೇಲಿನ ಗುಡ್ಡವನ್ನೂ ನೋಡಿ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಾಕ್ ಸರೋವರಕ್ಕೆ ಪಕ್ಕದ ಹೆಪ್ಪುಗಟ್ಟಿದ ಮಣ್ಣು-ಕಲ್ಲಿನ ದಿಬ್ಬ ಕುಸಿದು ಬಿತ್ತು. ಉಕ್ಕಿದ ನೀರು ಕೆಳಗೆ ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಪಾಯ ಎಷ್ಟು ಗಟ್ಟಿ ಇದ್ದರೇನು, ಮೇಲಿಂದ ಗುಡ್ಡ ಬಂದರೆ?

ಜಾಗ ಬದಲಿಸಲು ಆಗದಿದ್ದರೆ ಕಟ್ಟಡವನ್ನು ನೆಲದಿಂದ ಎತ್ತಿ. ಕಾಲುಗಳ ಮೇಲೆ ನಿಲ್ಲಿಸಿ, ಅಡಿಯಲ್ಲಿ ಕನಿಷ್ಠ ಮುಕ್ಕಾಲರಿಂದ ಒಂದು ಮೀಟರ್ ಖಾಲಿ ಬಿಡಿ. ಕಾಲುಗಳನ್ನು ಪೈಲ್ ಆಗಿ ಇಳಿಸುವುದಾದರೆ ಆಕ್ಟಿವ್ ಲೇಯರ್ ದಾಟಿ, ಕರಗದ ಹೆಪ್ಪಿನೊಳಗೆ ಸಾಕಷ್ಟು ಆಳ ಹೋಗಲೇಬೇಕು. ಇಲ್ಲದಿದ್ದರೆ ಚಳಿಗಾಲದಲ್ಲಿ ಮೇಲಿನ ಪದರ ಉಬ್ಬುವಾಗ ಪೈಲನ್ನೂ ಹಿಡಿದು ಮೇಲಕ್ಕೆಳೆಯುತ್ತದೆ. ನಮ್ಮ ಎರೆಮಣ್ಣಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ, ಬುಡ ಅಗಲವಾದ ಅಂಡರ್‌ರೀಮ್ ಪೈಲ್ ನೀವು ಓದಿರುತ್ತೀರಿ. ಅಲ್ಲಾಡುವ ಪದರ ದಾಟಿ, ಅಲ್ಲಾಡದ ಪದರದಲ್ಲಿ ಕಾಲೂರುವ ಉಪಾಯವೇ ಇಲ್ಲೂ. ಬೇರೆ ಏನೆಂದರೆ, ಇಲ್ಲಿ ಪೈಲಿಗೆ ಹಿಡಿತ ಕೊಡುವುದು ಅದರ ಮೈಗೆ ಅಂಟಿಕೊಂಡ ಐಸು. ನೆಲ ಒಂದೆರಡು ಡಿಗ್ರಿ ಬೆಚ್ಚಗಾದರೂ ಹಿಡಿತ ತುಂಬಾ ಇಳಿದುಹೋಗುತ್ತದೆ. ಹಾಗಾಗಿ ಉಷ್ಣಾಂಶದ ದಾಖಲೆ ಇಲ್ಲದೆ ಪೈಲ್ ಉದ್ದ ಲೆಕ್ಕ ಹಾಕಲು ನಾನು ಒಪ್ಪುವುದಿಲ್ಲ. ಒಂದು ಮಹಡಿಯ ಹಗುರ ಕಟ್ಟಡವಾದರೆ ಪೈಲ್ ಬದಲು ಗೋದಾಮಿನ ಹಾಗೆಯೇ ಜಲ್ಲಿ ಹಾಸು, ಅದರೊಳಗೆ ಗಟ್ಟಿ ಫೋಮ್ ಹಲಗೆ, ಮೇಲೆ ಜಾಕ್ ಇರುವ ಕಾಲು, ಆಮೇಲೆ ಖಾಲಿ ಜಾಗ. ನಿಮಗೆ ನಾನು ಹೇಳುವುದು ಇದನ್ನೇ. ಕಾಂಕ್ರೀಟ್ ಅಲ್ಲೇ ಕಲಸಬೇಡಿ. ಬುಡದ ಹಲಗೆಗಳನ್ನು ಕೆಳಗಿನ ಊರಲ್ಲಿ ಎರಕ ಹಾಕಿಸಿ ತರಿಸಿ, ಇಲ್ಲವೇ ಉಕ್ಕಿನದ್ದು ಬಳಸಿ.

ಈ ದಾರಿಯಲ್ಲಿ ಕೆಡುವುದೆಲ್ಲ ಕಟ್ಟಿ ಮುಗಿಸಿದ ಮೇಲೆ. ನೆಲಹಾಸಿನ ಅಡಿಯಲ್ಲಿ ಗಾಳಿ ಆಡಿದರೆ ಕಾಲಿಗೆ ಚಳಿ ಹೊಡೆಯುತ್ತದೆ. ಮೊದಲ ಜನವರಿಯಲ್ಲೇ ಯಾರಾದರೂ ಸುತ್ತ ತಗಡು ಬಡಿಯುತ್ತಾರೆ, ಗೋಣಿಚೀಲ ಪೇರಿಸುತ್ತಾರೆ, ಇಲ್ಲವೇ ಸೀಮೆಎಣ್ಣೆ ಕ್ಯಾನು ತುಂಬುತ್ತಾರೆ. ಅಲ್ಲಿಗೆ ನಿಮ್ಮ ಖಾಲಿ ಜಾಗದ ಕಥೆ ಮುಗಿಯಿತು. ಹಿಮವನ್ನು ಗೋಡೆಯ ಬುಡಕ್ಕೆ ತಳ್ಳುವ ಅಭ್ಯಾಸವೂ ಇದೆ. ಹಿಮ ಇದ್ದರೆ ನೆಲ ತಣ್ಣಗಿರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆಗುವುದು ತಿರುಗುಮುರುಗು. ದಪ್ಪ ಹಿಮ ಚಳಿಗಾಲದ ಕೊರೆಯುವ ಗಾಳಿ ನೆಲಕ್ಕೆ ತಾಗದ ಹಾಗೆ ಮಾಡಿ, ನೆಲವನ್ನು ಬೆಚ್ಚಗಿಡುತ್ತದೆ. ಆದ್ದರಿಂದ ನೆಲಹಾಸಿಗೇ ಒಳ್ಳೆಯ ಶಾಖನಿರೋಧಕ ಹಾಕಿ, ಕಾಲಿಗೆ ಚಳಿ ಆಗದಂತೆ ನೋಡಿಕೊಳ್ಳಿ. ಜನಕ್ಕೆ ಚಳಿ ಆಗದಿದ್ದರೆ ತಗಡು ಬಡಿಯುವುದಿಲ್ಲ. ಬಚ್ಚಲು, ಅಡುಗೆಮನೆಯ ನೀರು ನೆಲದ ಮೇಲಿನ ಪೈಪಿನಲ್ಲಿ ದೂರ ಹೋಗಲಿ, ಕಟ್ಟಡದ ಪಕ್ಕ ಇಂಗುಗುಂಡಿ ಬೇಡವೇ ಬೇಡ.

ದೊಡ್ಡವರ ಉಪಾಯವೂ ಒಂದಿದೆ. ಅಲಾಸ್ಕಾದ ಎಣ್ಣೆ ಪೈಪ್‌ಲೈನ್ ಸುಮಾರು 1,288 ಕಿಲೋಮೀಟರ್ ಉದ್ದ, 1977ರಲ್ಲಿ ಶುರುವಾಯಿತು. ಒಳಗೆ ಹರಿಯುವುದು ಬಿಸಿ ಎಣ್ಣೆ. ಅದಕ್ಕೇ ಅರ್ಧಕ್ಕೂ ಹೆಚ್ಚು ದೂರ ಅದನ್ನು ಕಂಬಗಳ ಮೇಲೆ ಎತ್ತಿದ್ದಾರೆ. ಬಹಳಷ್ಟು ಕಂಬಗಳೊಳಗೆ ಅಮೋನಿಯಾ ತುಂಬಿದ ಮುಚ್ಚಿದ ಕೊಳವೆಗಳಿವೆ. ಚಳಿಗಾಲದಲ್ಲಿ ಮೇಲಿನ ಗಾಳಿ ನೆಲಕ್ಕಿಂತ ತಣ್ಣಗಿದ್ದಾಗ, ಕೆಳಗಿನ ಅಮೋನಿಯಾ ನೆಲದ ಶಾಖ ಹೀರಿ ಆವಿಯಾಗಿ ಮೇಲೇರುತ್ತದೆ. ತುದಿಯಲ್ಲಿ ತಣ್ಣಗಾಗಿ ಮತ್ತೆ ಕೆಳಗಿಳಿಯುತ್ತದೆ. ಮೋಟರ್ ಇಲ್ಲ, ಕರೆಂಟ್ ಇಲ್ಲ. ಬೇಸಿಗೆಯಲ್ಲಿ ತಾನೇ ನಿಂತುಹೋಗುತ್ತದೆ. 2006ರಲ್ಲಿ ಲ್ಹಾಸಾ ತಲುಪಿದ ಚೀನಾದ ರೈಲುಮಾರ್ಗದಲ್ಲಿ ಸುಮಾರು 550 ಕಿಲೋಮೀಟರ್ ಪರ್ಮಾಫ್ರಾಸ್ಟ್ ಮೇಲಿದೆ. ಅಲ್ಲೂ ಇಂಥ ಕೊಳವೆಗಳಿವೆ, ಗಾಳಿಯಾಡುವಂತೆ ದಪ್ಪ ಕಲ್ಲು ಪೇರಿಸಿದ ಏರಿಗಳಿವೆ, ತೀರಾ ಕೆಟ್ಟ ಕಡೆ ಸೇತುವೆಯನ್ನೇ ಕಟ್ಟಿದ್ದಾರೆ. ನಿಮ್ಮ ಕಟ್ಟಡಕ್ಕೆ ಈ ಕೊಳವೆ ದುಬಾರಿ, ಬೇಕಾಗಿಯೂ ಇಲ್ಲ. ಯಾರಾದರೂ ಮಾರಲು ಬಂದರೆ ಮೊದಲು ನೆಲದ ಉಷ್ಣಾಂಶ ಎಷ್ಟು ಅಂತ ಅವರನ್ನೇ ಕೇಳಿ.

ರಷ್ಯಾದ ವಿಡಿಯೊಗಳ ಬಗ್ಗೆ. ನೆಲ ಬೆಚ್ಚಗಾಗುತ್ತಿರುವುದು ನಿಜ. ಜಗತ್ತಿನ ಪರ್ಮಾಫ್ರಾಸ್ಟ್ ಬಾವಿಗಳ ಅಳತೆಯಂತೆ 2007ರಿಂದ 2016ರೊಳಗೆ ಸರಾಸರಿ ಸುಮಾರು 0.3 ಡಿಗ್ರಿ ಏರಿದೆ. ಕಡಿಮೆ ಅನ್ನಿಸಬಹುದು, ಆದರೆ ಮೈನಸ್ ಅರ್ಧದಲ್ಲಿರುವ ನೆಲಕ್ಕೆ 0.3 ತುಂಬಾ ದೊಡ್ಡದು. ಹಾಗಂತ ಬಿದ್ದದ್ದೆಲ್ಲ ಹವಾಮಾನದ ತಪ್ಪಲ್ಲ. 2020ರ ಮೇ 29ರಂದು ರಷ್ಯಾದ ನೊರಿಲ್ಸ್ಕ್ ಬಳಿ ಒಂದು ಟ್ಯಾಂಕ್ ಕುಸಿದು ಸುಮಾರು 21,000 ಟನ್ ಡೀಸೆಲ್ ಹರಿದುಹೋಯಿತು. ಮೊದಲು ಎಲ್ಲರೂ ಕರಗುವ ನೆಲದ ಮೇಲೆ ಬೆರಳು ತೋರಿಸಿದರು. ಸರ್ಕಾರಿ ತನಿಖೆಯಲ್ಲಿ ಪೈಲ್ ಪಾಯದ ವಿನ್ಯಾಸ ಮತ್ತು ಕೆಲಸದ ದೋಷಗಳು ಹೊರಬಿದ್ದವು. ಸೈಬೀರಿಯಾದ ಬಟಗಾಯ್‌ನಲ್ಲಿ ನೆಲ ಒಂದು ಕಿಲೋಮೀಟರಿನಷ್ಟು ಬಾಯಿಬಿಟ್ಟಿರುವ ಚಿತ್ರ ನೀವು ನೋಡಿರಬಹುದು. ಅದು ಶುರುವಾಗಿದ್ದು 1960ರ ದಶಕದಲ್ಲಿ ಅಲ್ಲಿನ ಕಾಡು ಕಡಿದ ಮೇಲೆ. ನೆರಳು ಹೋಯಿತು, ಬಿಸಿಲು ತಾಗಿತು, ಐಸು ಕರಗಿತು. ಸಿಡಿದು ಬಿದ್ದ ಗುಂಡಿಗಳೂ ನಿಜ. 2014ರಲ್ಲಿ ಯಮಾಲ್ ಅನ್ನುವ ಕಡೆ ಮೊದಲು ಕಂಡವು. ಕೆಳಗೆ ನೈಸರ್ಗಿಕ ಅನಿಲ ತುಂಬಿರುವ ಪ್ರದೇಶ ಅದು. ನಿಮ್ಮ ಸೈಟಿನಲ್ಲಿ ಆ ಭಯ ಬೇಡ. ಹಾಗೆಯೇ ಇಂಗಾಲದ ಚಿಂತೆ. ಉತ್ತರದ ಹೆಪ್ಪು ನೆಲದಲ್ಲಿ ಕೊಳೆಯದೆ ಉಳಿದ ಗಿಡಗಂಟಿಗಳ ಇಂಗಾಲ ಸುಮಾರು 1.5 ಲಕ್ಷ ಕೋಟಿ ಟನ್ ಇದೆ. ಈಗ ಗಾಳಿಯಲ್ಲಿರುವುದರ ಹತ್ತಿರ ಹತ್ತಿರ ಎರಡರಷ್ಟು. ಜಗತ್ತು ಚಿಂತೆ ಮಾಡಬೇಕಾದ ವಿಷಯವೇ. ಹುಲ್ಲು ಕೂಡ ಕಷ್ಟಪಟ್ಟು ಬೆಳೆಯುವ ಲಡಾಖ್‌ನ ಮಣ್ಣಿನಲ್ಲಿ ಅದರ ಪಾಲು ತೀರಾ ಕಡಿಮೆ.

ಈಗ ಅಮ್ಮನಿಗೆ. ಅವರು ಕೇಳಿದ್ದು ಪೂರ್ತಿ ಕಟ್ಟುಕಥೆಯಲ್ಲ. ಸೈಬೀರಿಯಾದ ಹೆಪ್ಪಿನಿಂದ ತೆಗೆದ 48,500 ವರ್ಷ ಹಳೆಯ ವೈರಸ್ಸನ್ನು ವಿಜ್ಞಾನಿಗಳು ಲ್ಯಾಬಿನಲ್ಲಿ ಮತ್ತೆ ಎಬ್ಬಿಸಿದ್ದಾರೆ. ಅದು ಅಮೀಬಾಕ್ಕೆ ತಗಲುವ ವೈರಸ್, ಮನುಷ್ಯರಿಗಲ್ಲ. ಮನುಷ್ಯರದ್ದಕ್ಕೆ ಇನ್ನೊಂದು ಉದಾಹರಣೆ ಕೊಡಿ. 1918ರ ಇನ್‌ಫ್ಲುಯೆನ್ಸಾದಲ್ಲಿ ಸತ್ತವರನ್ನು ಅಲಾಸ್ಕಾದ ಬ್ರೆವಿಗ್ ಮಿಷನ್ ಅನ್ನುವ ಹಳ್ಳಿಯಲ್ಲಿ ಹೆಪ್ಪು ನೆಲದಲ್ಲಿ ಹೂಳಿದ್ದರು. ಯೋಹಾನ್ ಹುಲ್ಟಿನ್ ಅನ್ನುವವರು 1951ರಲ್ಲಿ ಆ ದೇಹಗಳಿಂದ ಮಾದರಿ ತೆಗೆದು ವೈರಸ್ ಬೆಳೆಸಲು ಹೋದರು, ಬೆಳೆಯಲೇ ಇಲ್ಲ. 1997ರಲ್ಲಿ ಮತ್ತೆ ಹೋದಾಗ ಸಿಕ್ಕಿದ್ದು ವೈರಸ್ಸಿನ ಜೀನುಗಳ ಚೂರುಗಳು ಮಾತ್ರ. ಎಂಬತ್ತು ವರ್ಷವೂ ಆಗಿರಲಿಲ್ಲ. ಆದರೆ ಆಂಥ್ರಾಕ್ಸ್ ಬೇರೆ. ಅದರ ಬೀಜಕಣ ಮಣ್ಣಿನಲ್ಲಿ ಬಹಳ ಕಾಲ ಬದುಕಿರುತ್ತದೆ. 2016ರ ಬೇಸಿಗೆಯಲ್ಲಿ ಯಮಾಲ್‌ನಲ್ಲಿ ಅದು ಹರಡಿ ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು, 12 ವರ್ಷದ ಒಬ್ಬ ಹುಡುಗನೂ ತೀರಿಕೊಂಡ. ಅಲ್ಲಿ ಸಾರಂಗಗಳಿಗೆ ಲಸಿಕೆ ಹಾಕುವುದನ್ನು 2007ರಲ್ಲೇ ನಿಲ್ಲಿಸಿದ್ದರು. ಹಾಗಾಗಿ ಅಗೆಯುವಾಗ ಹಳೆಯ ಪ್ರಾಣಿಯ ಮೂಳೆ, ಚರ್ಮ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಮುಚ್ಚಿ ಪಶುವೈದ್ಯರಿಗೆ ತಿಳಿಸಿ. ಇಷ್ಟು ಸಾಕು.

ಅಮ್ಮ ನಿಜಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ ಇವೆ. ಎತ್ತರಕ್ಕೆ ಹೋದ ಮೊದಲ ದಿನಗಳಲ್ಲಿ ವಿಶ್ರಾಂತಿ ತಗೊಂಡೆಯಾ? ತಲೆನೋವು, ಉಸಿರಾಟದ ತೊಂದರೆ ಜಾಸ್ತಿಯಾದರೆ ತಕ್ಷಣ ಕೆಳಗಿಳಿಸಲು ಗಾಡಿ ಇದೆಯಾ? ಮಲಗುವ ಕೋಣೆಯಲ್ಲಿ ಬುಖಾರಿ ಉರಿಯುವಾಗ ಕಿಟಕಿ ಸಂದಿ ತೆರೆದಿರುತ್ತಾ? ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ, ನಿದ್ದೆಯಲ್ಲೇ ಕೊಲ್ಲುತ್ತದೆ. ನನಗೆ ಐಸಿನ ವೈರಸ್ಸಿಗಿಂತ ಇದರ ಭಯ ಜಾಸ್ತಿ.

ಕೊನೆಗೆ ಕಂಟ್ರಾಕ್ಟರ್ ವಿಚಾರ. ಬಾಯಿಮಾತಲ್ಲಿ ಬೇಡ, ಬರೆದು ಕೊಡಿ: ಇಂಥ ದಿನ, ಇಷ್ಟು ಆಳದಲ್ಲಿ ಐಸು ಸಿಕ್ಕಿದೆ, ಫೋಟೊ ಇದೆ, ಡಬ್ಬಿ ಪರೀಕ್ಷೆಯಲ್ಲಿ ಇಷ್ಟು ನೀರು ಬಂದಿದೆ, ನಕ್ಷೆಯಲ್ಲಿರುವ ಫೂಟಿಂಗ್ ಈ ನೆಲಕ್ಕೆ ಹೊಂದುತ್ತದಾ ಅಂತ ವಿನ್ಯಾಸ ಮಾಡಿದವರಿಂದ ಲಿಖಿತ ಉತ್ತರ ಬೇಕು. ಸೂಪರ್‌ವೈಸರ್ ಆಗಿ ನಿಮ್ಮ ಕೈಯಲ್ಲಿರುವುದು ಇಷ್ಟೇ, ಆದರೆ ನಾಳೆ ಗೋಡೆ ಬಿರಿದಾಗ ಮೊದಲು ಕೇಳುವುದು ನಿಮ್ಮನ್ನೇ. ಗೋದಾಮಿನ ಜಲ್ಲಿ ಹಾಸು ಈಗಲೇ ಶುರು ಮಾಡಿಸಬಹುದು. ವಸತಿ ಕಟ್ಟಡದ ಪಾಯ ಸೆಪ್ಟೆಂಬರ್ ಗುಂಡಿ ನೋಡುವ ತನಕ ಬೇಡ. ಆ ಗುಂಡಿಯ ಆಳ, ಡಬ್ಬಿಯ ಅಳತೆ ಎರಡನ್ನೂ ಬರೆದು ಕಳಿಸಿ. ಜಾಕ್ ಕಾಲೋ, ಪೈಲೋ ಅಂತ ಆಗ ಲೆಕ್ಕ ಹಾಕೋಣ.